ರೆಗ್ಯುಲೇಟರಿಗೆ ಎಣ್ಣೆ ತಾಗಿದ ಮಳೆಗಾಲ

ನಮ್ಮ ಯಜಮಾನರಿಗೆ ಕೆರೆಗಳಲ್ಲಿ ಮುಳುಗುವ ಕೆಲಸ ಇತ್ತು ಎಂದರೆ ಈಗಿನವರು ನಗುತ್ತಾರೆ. ಅರವತ್ತರ ದಶಕದಲ್ಲೂ ನಗುತ್ತಿದ್ದರು. ಅವರು ನಿಟ್ಟೂರಿನ ಹತ್ತಿರದ ಹಳ್ಳಿಯವರು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ ಇದ್ದ ಮನೆ. ತೋಟದ ಬಾವಿಯಲ್ಲಿ ಈಜು ಕಲಿತವರು ನೌಕಾಪಡೆ ಸೇರಿ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರಿನಡಿಯಲ್ಲಿ ಕೆಲಸ ಮಾಡುವುದನ್ನು ಕೊಚ್ಚಿಯಲ್ಲಿ ಕಲಿತಿದ್ದರು. ಅಲ್ಲಿಯ ಅವಧಿ ಮುಗಿಸಿ ಊರಿಗೆ ಬಂದಾಗ, ಕೆರೆಗಳನ್ನು ನೋಡಿಕೊಳ್ಳುವ ಇಲಾಖೆಯವರು ಅವರನ್ನು ತುಮಕೂರಿಗೆ ಕರೆಸಿಕೊಂಡರು.

ನಮ್ಮ ಸೀಮೆಯಲ್ಲಿ ಕೆರೆಯಿಂದ ಗದ್ದೆಗೆ ನೀರು ಬಿಡುವ ತೂಬುಗಳು ಬಹಳ ಹಳೆಯವು. ಕೆರೆ ತುಂಬಿದ ಕಾಲದಲ್ಲಿ ತೂಬಿನ ಬಾಯಿಗೆ ಮರವೋ ಕಲ್ಲೋ ಸಿಕ್ಕಿಕೊಂಡರೆ, ಉಸಿರು ಕಟ್ಟಿ ಮುಳುಗಬಲ್ಲ ಊರಿನವರನ್ನೇ ಇಳಿಸುತ್ತಿದ್ದರು. ಗುಬ್ಬಿ ಕಡೆಯ ಒಂದು ಕೆರೆಯಲ್ಲಿ ಹಾಗೆ ಇಳಿದ ಒಬ್ಬಾತ ತೂಬಿನ ಸೆಳೆತಕ್ಕೆ ಸಿಕ್ಕಿ ಮತ್ತೆ ಮೇಲೆ ಬರಲಿಲ್ಲ. ಅದಾದ ಮೇಲೆಯೇ ಇವರಿಗೆ ಈ ಕೆಲಸ ಸಿಕ್ಕಿದ್ದು. ಈ ಸಂಗತಿಯನ್ನು ಮದುವೆಗೆ ಮುಂಚೆ ನಮ್ಮ ಮನೆಯವರಿಗೆ ಯಾರೂ ಹೇಳಿರಲಿಲ್ಲ. ಮದುವೆಯಾಗಿ ತುಮಕೂರಿನ ಬಾಡಿಗೆ ಮನೆಗೆ ಬಂದ ಮೇಲೆ ಪಕ್ಕದ ಮನೆಯ ಹೆಂಗಸಿನ ಬಾಯಿಂದ ನನಗೆ ತಿಳಿಯಿತು.

ಇಲಾಖೆಯಲ್ಲಿ ನೀರಿಗೆ ಇಳಿಯುವ ಸಾಮಾನು ಇದ್ದದ್ದು ಒಂದೇ ಸೆಟ್ಟು. ಯಾವುದೋ ಅಣೆಕಟ್ಟಿನ ಕೆಲಸಕ್ಕೆ ಬಂದಿದ್ದ ಪರದೇಶದವರು ಬಿಟ್ಟುಹೋದದ್ದು. ಸಿಲಿಂಡರ್ ಗಟ್ಟಿ ಸಾಮಾನು, ಅದಕ್ಕೆ ಬೆಂಗಳೂರಿನಲ್ಲಿ ಗಾಳಿ ತುಂಬಿಸಿಕೊಂಡು ಬರುತ್ತಿದ್ದರು. ನಾಜೂಕಾದದ್ದು ಅದರ ತಲೆಗೆ ಕೂರಿಸುವ ರೆಗ್ಯುಲೇಟರು. ಊಟದ ಡಬ್ಬಿಯ ಮುಚ್ಚಳದಷ್ಟು ಅಗಲದ ಹಿತ್ತಾಳೆ ಡಬ್ಬಿ, ಅದರ ಎರಡು ಕಡೆಯಿಂದ ಸುಕ್ಕು ಸುಕ್ಕಾದ ಎರಡು ರಬ್ಬರ್ ಕೊಳವೆಗಳು ಬಂದು ಬಾಯಿಯ ಹತ್ತಿರ ಸೇರುತ್ತಿದ್ದವು. ಬಲಗಡೆ ಕೊಳವೆಯಿಂದ ಗಾಳಿ ಬಾಯಿಗೆ ಬರಬೇಕು, ಬಿಟ್ಟ ಉಸಿರು ಎಡಗಡೆಯದರಿಂದ ಹಿಂದಕ್ಕೆ ಹೋಗಿ ನೀರಿಗೆ ಸೇರಬೇಕು. ಉಸಿರು ಹೊರಗೆ ಹೋಗುವ ತುದಿಯಲ್ಲಿ ತೆಳ್ಳನೆಯ ರಬ್ಬರಿನ ಎರಡು ತುಟಿಗಳಿದ್ದವು. ಉಸಿರು ಬಿಟ್ಟರೆ ಬಿಚ್ಚಿಕೊಳ್ಳಬೇಕು, ಬಿಟ್ಟಾದ ಕೂಡಲೆ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದಿದ್ದರೆ ಕೆರೆಯ ನೀರು ಕೊಳವೆಯೊಳಗೆ ಬರುತ್ತದೆ, ಅಲ್ಲಿಂದ ಬಾಯಿಗೆ.

ಆ ತುಟಿಗಳಿಗೆ ಬದಲಿ ಇರಲಿಲ್ಲ. ಇಲಾಖೆಯವರು ತರಿಸುತ್ತೇವೆ ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಆದ್ದರಿಂದ ಇದ್ದದ್ದನ್ನೇ ಬಾಳಿಸಬೇಕಿತ್ತು. ಆಫೀಸಿನ ಉಗ್ರಾಣದಲ್ಲಿ ಇಟ್ಟರೆ ಇಲಿ ಕಡಿಯುತ್ತದೆ, ಬಿಸಿಲು ಬೀಳುತ್ತದೆ ಎಂದು ಯಜಮಾನರು ಮೇಲಿನವರ ಒಪ್ಪಿಗೆ ಪಡೆದು ಅದನ್ನು ಮನೆಗೇ ತಂದಿಟ್ಟುಕೊಂಡರು. ವಾರಗಟ್ಟಲೆ ಕ್ಯಾಂಪಿನಲ್ಲಿ ಇರುತ್ತಿದ್ದವರು, ಬಂದ ದಿನ ಸ್ನಾನವನ್ನೂ ಮಾಡದೆ ಅದನ್ನು ತೊಳೆಯಲು ಕೂರುತ್ತಿದ್ದರು. ನಾನು ನೋಡುತ್ತಾ ನೋಡುತ್ತಾ ಕಲಿತೆ. ಆಮೇಲೆ ಅವರೇ ನನ್ನ ಕೈಗೆ ಬಿಟ್ಟರು.

ಎಲ್ಲಕ್ಕಿಂತ ಮೊದಲು ಗಾಳಿ ಬರುವ ತೂತಿಗೆ ಅದರ ಮುಚ್ಚಳವನ್ನು ಬಿಗಿಯಾಗಿ ಹಾಕಬೇಕು. ಮುಚ್ಚಳ ಹಾಕದೆ ನೀರಿಗೆ ಅದ್ದಿದರೆ ಒಳಗಿನ ಸಣ್ಣ ಸ್ಪ್ರಿಂಗುಗಳು ತುಕ್ಕು ಹಿಡಿಯುತ್ತವೆ. ಕೆರೆಯ ಗೋಡು, ಅಂದರೆ ಅಡಿಯ ನುಣ್ಣನೆಯ ಕೆಸರು, ಒಣಗುವ ಮುಂಚೆಯೇ ತೊಳೆಯಬೇಕು, ಒಣಗಿದರೆ ಅದು ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ತೊಳೆದ ಮೇಲೆ ಬಿಸಿಲಿಗೆ ಹಾಕಬಾರದು, ಮೊಳೆಗೆ ನೇತುಹಾಕಬಾರದು. ಮೊಳೆಗೆ ಹಾಕಿದರೆ ಕೊಳವೆ ಮಡಚಿ, ಮಡಚಿದ ಕಡೆಯಲ್ಲಿ ಬಿರುಕು ಬಿಡುತ್ತದೆ. ಅದಕ್ಕಾಗಿ ಕೋಣೆಯಲ್ಲಿ ಬಟ್ಟೆ ಹಾಕುವ ಬಿದಿರಿನ ಗಳುವಿನ ಮೇಲೆ ದಪ್ಪನಾಗಿ ಮಡಿಸಿದ ಹಳೆಯ ಪಂಚೆ ಹಾಸಿ, ಅದರ ಮೇಲೆ ಇಳಿಬಿಡುತ್ತಿದ್ದೆ. ಪೂರ್ತಿ ಒಣಗಿದ ಮೇಲೆ ರಬ್ಬರಿಗೆ ಪೌಡರು. ಅದಕ್ಕೆಂದು ಬೇರೆ ಪೌಡರು ಇರಲಿಲ್ಲ, ನನ್ನ ಮುಖದ ಪೌಡರನ್ನೇ ಹಾಕುತ್ತಿದ್ದೆ. ಕೊನೆಗೆ ಒಂದು ಪರೀಕ್ಷೆ. ಮುಚ್ಚಳ ಹಾಕಿದ್ದ ಹಾಗೇ ಬಾಯಿಗಿಟ್ಟು ಉಸಿರು ಎಳೆಯಬೇಕು. ಏನೂ ಬರದೆ ನಾಲಿಗೆ ಹಿಡಿದುಕೊಂಡರೆ ಎಲ್ಲ ಸರಿಯಾಗಿದೆ. ಸ್ವಲ್ಪವಾದರೂ ಗಾಳಿ ಬಂದರೆ ಎಲ್ಲೋ ಸೋರುತ್ತಿದೆ, ಗಾಳಿ ಬಂದ ಕಡೆ ನೀರೂ ಬರುತ್ತದೆ.

ಒಂದು ಮಾತನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಎಣ್ಣೆ ತಾಗಿಸಬಾರದು. ಎಣ್ಣೆಗೆ ರಬ್ಬರು ಊದಿಕೊಂಡು ಮೆತ್ತಗಾಗಿ ಅಂಟಂಟಾಗುತ್ತದೆ. ಗಾಳಿಯ ಒತ್ತಡ ಇರುವ ಕಡೆ ಎಣ್ಣೆ ಸೇರಿದರೆ ಹೊತ್ತಿಕೊಳ್ಳುವ ಅಪಾಯವೂ ಉಂಟು. ನಮ್ಮ ಮನೆಯಲ್ಲಿ ಅದು ಸುಲಭದ ಮಾತಾಗಿರಲಿಲ್ಲ. ತಲೆಗೆ ತೆಂಗಿನೆಣ್ಣೆ, ಒಗ್ಗರಣೆಗೆ ತೆಂಗಿನೆಣ್ಣೆ, ಊರಿನಿಂದ ಯಾರು ಬಂದರೂ ಕೈಯಲ್ಲಿ ಎಣ್ಣೆಯ ಡಬ್ಬ. ರೆಗ್ಯುಲೇಟರನ್ನು ಮುಟ್ಟುವ ಮುಂಚೆ ನಾನು ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದೆ.

ಒಂದು ವರ್ಷ ರಾಗಿ ಬಿತ್ತನೆ ಮುಗಿಸಿ ನಮ್ಮ ಅತ್ತೆ ಬಂದರು. ಒಳ್ಳೆಯ ಹೆಂಗಸು, ಸುಮ್ಮನೆ ಕೂರುವವರಲ್ಲ. ಬಂದ ಮರುದಿನವೇ ಬಾವಿಯ ರಾಟೆಗೆ ಎಣ್ಣೆ ಬಿಟ್ಟರು. ಬಾಗಿಲ ಕೀಲುಗಳಿಗೆ, ಈಳಿಗೆ ಮಣೆಗೆ, ಯಜಮಾನರ ಚರ್ಮದ ಬೆಲ್ಟಿಗೆ, ಒಣಗಿದ್ದು ಕಂಡದ್ದಕ್ಕೆಲ್ಲ ಎಣ್ಣೆ ಹಚ್ಚಿದರು. ಕೋಣೆಯೊಳಗಿನದನ್ನು ಮುಟ್ಟಬೇಡಿ ಎಂದು ನಾನು ಹೇಳಿದ್ದೆ. ಮುಟ್ಟಿದರೆ ಮುರಿದೀತು ಎಂಬ ಅರ್ಥದಲ್ಲಿ ಅವರು ತೆಗೆದುಕೊಂಡಿದ್ದರು.

ಒಂದು ಬೆಳಿಗ್ಗೆ ನಾನು ಬೀದಿಯ ನಲ್ಲಿಯಿಂದ ನೀರು ಹಿಡಿದು ಬಂದು ಕೋಣೆಗೆ ಹೋದೆ. ಗಳುವಿನ ಮೇಲೆ ಕೊಳವೆಗಳೆರಡೂ ಮಿರಮಿರ ಮಿಂಚುತ್ತಿದ್ದವು. ಕೋಣೆಯ ತುಂಬ ತೆಂಗಿನೆಣ್ಣೆಯ ವಾಸನೆ. ಅತ್ತೆ ಹಿಂದೆಯೇ ಬಂದು, ಒಣಗಿ ಬೆಳ್ಳಗಾಗಿತ್ತು, ಬಿರಿದುಹೋಗುತ್ತಿತ್ತು, ಹದ ಮಾಡಿಟ್ಟಿದ್ದೇನೆ ಎಂದು ಸಂತೋಷದಿಂದಲೇ ಹೇಳಿದರು. ಆ ಬೆಳ್ಳಗಿನದು ನನ್ನ ಪೌಡರು.

"ಮೇಲ್ಗಡೆ ಮಾತ್ರ ಹಚ್ಚಿದ್ರಾ ಅತ್ತೆ?" ಎಂದೆ.

"ಒಳಗೂ ಒಣಗಿರ್ತೈತಲ್ಲವ್ವ. ಬಾಯಿಗಿಡೋ ಕಡೆಯಿಂದ ಒಂದೀಟು ಬಿಟ್ಟೆ, ಇಳೀಲಿ ಅಂತ."

ನಾನು ಸೋಪಿನ ನೀರು ಕಾಯಿಸಲು ಹೋದೆ. ಬಂದಷ್ಟನ್ನೂ ತೊಳೆದೆ. ಕೊಳವೆಗಳ ಹೊರಮೈ ಸ್ವಲ್ಪ ಜಿಡ್ಡು ಉಳಿಸಿಕೊಂಡು ಸರಿಹೋಯಿತು. ಗಾಳಿ ಬರುವ ತೂತಿಗೆ ಮುಚ್ಚಳ ಹಾಕಿದ್ದರಿಂದ ಅಲ್ಲಿಗೆ ಎಣ್ಣೆ ಹೋಗಿರಲಿಲ್ಲ. ಆದರೆ ಬಾಯಿಗಿಡುವ ಕಡೆಯಿಂದ ಬಿಟ್ಟ ಎಣ್ಣೆ ಎಡಗಡೆ ಕೊಳವೆಯಲ್ಲಿ ಇಳಿದು ನೇರವಾಗಿ ಆ ತುಟಿಗಳ ಮೇಲೆ ನಿಂತಿತ್ತು. ಯಾವಾಗ ಹಚ್ಚಿದ್ದು ಎಂದು ಕೇಳಿದೆ. ಹಿಂದಿನ ದಿನ ನಾನು ಗುಡಿಗೆ ಹೋಗಿದ್ದಾಗಂತೆ. ರಾತ್ರಿಯೆಲ್ಲ ಎಣ್ಣೆಯಲ್ಲಿ ನೆನೆದಿತ್ತು.

ಸಂಜೆ ಯಜಮಾನರು ಬಂದು ಕೊಳವೆ ಬಿಚ್ಚಿ ನೋಡಿದರು. ತುಟಿಯ ಒಂದು ಅಂಚು ಊದಿಕೊಂಡು ಸೊಟ್ಟಗಾಗಿತ್ತು. ಮೆಲ್ಲಗೆ ಬೆರಳಿನಿಂದ ಮುಟ್ಟಿದರು, ಬೆರಳಿಗೆ ಅಂಟಿತು. ಅವರು ಕೂಗಾಡುವ ಮನುಷ್ಯರಲ್ಲ. ಅದನ್ನು ಕೆಳಗಿಟ್ಟು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ಊಟಕ್ಕೆ ಬಂದಾಗಲೂ ತಾಯಿಯ ಮುಖ ನೋಡಲಿಲ್ಲ. ಅತ್ತೆ ನನ್ನ ಹಿಂದೆ ಹಿಂದೆ ಓಡಾಡಿ, ತಾನು ಮಾಡಿದ ತಪ್ಪೇನು ಎಂದು ಕೇಳಿದರು. ಎಷ್ಟು ಸುತ್ತಿಬಳಸಿ ಹೇಳಿದರೂ ಕೊನೆಗೆ ನಿಜ ಹೇಳಲೇಬೇಕಾಯಿತು. ಅವರು ನೀರಿನೊಳಗೆ ಉಸಿರಾಡುವುದು ಅದರಲ್ಲೇ ಎಂದೆ. ಅತ್ತೆ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದರು.

ಆ ವಾರವೆಲ್ಲ ನಾನು ಆ ರಬ್ಬರನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯುವುದು, ನೆರಳಿನಲ್ಲಿ ಒಣಗಿಸುವುದು, ಪೌಡರು ಹಾಕುವುದು, ಬಾಯಿಗಿಟ್ಟು ಎಳೆದು ನೋಡುವುದು, ಇದನ್ನೇ ಮಾಡಿದೆ. ಊತ ಸ್ವಲ್ಪ ಇಳಿಯಿತು. ಮೊದಮೊದಲು ಎಳೆದರೆ ಸಲೀಸಾಗಿ ಗಾಳಿ ಬರುತ್ತಿತ್ತು. ಆಮೇಲೆ ನಾಲಿಗೆ ಹಿಡಿದುಕೊಂಡಂತೆ ಮಾಡಿ, ಒಂದು ಕ್ಷಣ ಬಿಟ್ಟು ಮೆಲ್ಲಗೆ ಸೋರುತ್ತಿತ್ತು. ಯಜಮಾನರು ಕೊಚ್ಚಿಯ ಹಳೆಯ ಜೊತೆಗಾರರೊಬ್ಬರಿಗೆ ಹೊಸ ತುಟಿ ಕಳಿಸಲು ಹೇಳಿಕಳಿಸಿದ್ದರು. ಅದು ಬರುವವರೆಗೆ ನೀರಿಗೆ ಇಳಿಯುವುದಿಲ್ಲ ಎಂದು ಆಫೀಸಿನಲ್ಲಿ ಹೇಳಿಯೂ ಬಂದಿದ್ದರು. ಮಳೆ ಮಾತ್ರ ಬಿಡುವು ಕೊಡಲಿಲ್ಲ.

ಒಂದು ದಿನ ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಇಲಾಖೆಯ ಜೀಪು ಬಂದು ನಿಂತಿತು. ಕುಣಿಗಲ್ ಕಡೆಯ ಒಂದು ಕೆರೆಯಲ್ಲಿ ತೂಬಿನ ಬಾಗಿಲು ಇಳಿಯುತ್ತಿಲ್ಲ, ಅಡಿಯಲ್ಲಿ ಮರದ ದಿಮ್ಮಿ ಸಿಕ್ಕಿಕೊಂಡಿದೆ. ತೂಬಿನ ನೀರು ಆಚೆ ಹೋಗುವ, ಏರಿಯೊಳಗಿನ ಕಲ್ಲಿನ ಕಾಲುವೆ ಎಲ್ಲೋ ಬಿರಿದಿದೆ, ಏರಿಯ ಬುಡದಲ್ಲಿ ಬರುವ ನೀರು ಕೆಂಪಗಾಗಿದೆ ಎಂದು ಡ್ರೈವರ್ ಹೇಳಿದ. ನೀರು ಕೆಂಪಗಾಯಿತೆಂದರೆ ಏರಿಯ ಮಣ್ಣು ಒಳಗಿನಿಂದ ಕರಗುತ್ತಿದೆ ಎಂದರ್ಥ. ಏರಿಯ ಕೆಳಗೆ ಗದ್ದೆ, ಗದ್ದೆಯ ಆಚೆ ಊರು.

ಯಜಮಾನರು ಪೆಟ್ಟಿಗೆಗೆ ಕೈ ಹಾಕಿದರು. ನಾನೂ ಬರುತ್ತೇನೆ ಎಂದೆ. ಆ ಕಾಲದಲ್ಲಿ ಹೆಂಗಸರು ಗಂಡನ ಡ್ಯೂಟಿಯ ಜಾಗಕ್ಕೆ ಹೋಗುವ ಪದ್ಧತಿ ಇರಲಿಲ್ಲ. ಅವರು ಬೇಡ ಎನ್ನಲಿಲ್ಲ. ನಾನು ಪೌಡರ್ ಡಬ್ಬಿ, ಒಂದು ಒಣ ಬಟ್ಟೆ, ಕುಡಿಯುವ ನೀರಿನ ತಂಬಿಗೆ ಇಷ್ಟನ್ನು ಚೀಲಕ್ಕೆ ಹಾಕಿಕೊಂಡೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

ಜೀಪು ಹೆಬ್ಬೂರು ದಾಟಿತು. ರೆಗ್ಯುಲೇಟರ್ ನನ್ನ ತೊಡೆಯ ಮೇಲಿತ್ತು. ರಸ್ತೆಯ ಗುಂಡಿಗಳಲ್ಲಿ ಜೀಪು ಎಗರಿದಾಗಲೆಲ್ಲ ಅದನ್ನು ಎದೆಗೆ ಅವಚಿಕೊಳ್ಳುತ್ತಿದ್ದೆ.

ಏರಿಯ ಮೇಲೆ ಊರಿಗೆ ಊರೇ ನಿಂತಿತ್ತು. ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಕೆಲವರು ಮರಳಿನ ಮೂಟೆ ಹೊರುತ್ತಿದ್ದರು. ಇಂಜಿನಿಯರು ವಯಸ್ಸಾದವರು, ಮಳೆಯಲ್ಲಿ ತೊಯ್ದುಹೋಗಿದ್ದರು. ಯಜಮಾನರು ರಬ್ಬರಿನ ಸಂಗತಿಯನ್ನು ಮುಚ್ಚಿಡದೆ ಹೇಳಿದರು. ಇಂಜಿನಿಯರು, ಹಾಗಿದ್ದರೆ ಇಳಿಯಬೇಡಿ, ಊರು ಖಾಲಿ ಮಾಡಿಸುತ್ತೇನೆ ಎಂದರು. ಒತ್ತಾಯ ಮಾಡಿದ್ದರೆ ನನಗೆ ಸಿಟ್ಟಾದರೂ ಬರುತ್ತಿತ್ತು. ಬಲವಂತ ಮಾಡುವವರು ಯಾರೂ ಇಲ್ಲದ್ದರಿಂದ ತೀರ್ಮಾನ ಪೂರ್ತಿ ನಮ್ಮ ಮೇಲೆಯೇ ಬಿತ್ತು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದು, ಎಳೆದು ನೋಡು ಎಂದರು. ಅಷ್ಟು ಜನರ ಮುಂದೆ ಅದನ್ನು ಬಾಯಿಗಿಟ್ಟುಕೊಳ್ಳಲು ನಾಚಿಕೆಯಾಯಿತು. ಬೆನ್ನು ತಿರುಗಿಸಿ ನಿಂತು ಎಳೆದೆ. ನಾಲಿಗೆ ಹಿಡಿಯಿತು. ಸ್ವಲ್ಪ ಹೊತ್ತಾದ ಮೇಲೆ ಸಣ್ಣಗೆ ಗಾಳಿ ಬಂತು.

"ಹಿಡೀತದೆ. ಆದ್ರೆ ನಿಧಾನಕ್ಕೆ ಬಿಡ್ತದೆ," ಎಂದೆ.

"ಎಡಗಡೆ ಮಗ್ಗುಲಾಗಿ ಜೋರಾಗಿ ಊದಿದ್ರೆ ಬಂದ ನೀರು ಆಚೆ ಹೋಯ್ತದೆ. ನೀನು ಬೇಡ ಅಂದ್ರೆ ಇಳಿಯಲ್ಲ ಕಣೇ. ನೋಡಿದ್ದು ನೀನು, ನೀನೇ ಹೇಳು."

ಅಂಥ ಪ್ರಶ್ನೆಯನ್ನು ನನ್ನ ಜೀವನದಲ್ಲಿ ಯಾರೂ ಕೇಳಿರಲಿಲ್ಲ. ಏರಿಯ ಕೆಳಗೆ ನೋಡಿದೆ. ಒಬ್ಬ ಹೆಂಗಸು ಮಗುವನ್ನು ಸೊಂಟದ ಮೇಲೆ ಇಟ್ಟುಕೊಂಡು ಹಸುವಿನ ಹಗ್ಗ ಬಿಚ್ಚುತ್ತಿದ್ದಳು. ಮೊದಲು ಅಂಚಿನಲ್ಲಿ ಸೊಂಟದ ಮಟ್ಟದ ನೀರಿನಲ್ಲಿ ಕೂತು ನೋಡಿ, ಆಮೇಲೆ ಮಾತು ಎಂದೆ. ಅವರು ಹಾಗೆಯೇ ಮಾಡಿದರು. ಎದ್ದು ಬಂದು, ರಬ್ಬರು ತಡೆಯಬಹುದು ಎಂದರು. ಹಾಗಿದ್ದರೆ ಇಳಿಯಿರಿ ಎಂದೆ.

ಅವರ ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಆ ಊರಿನ ನೀರುಗಂಟಿ ಹಿಡಿದುಕೊಂಡ. ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವವನು ಅವನೇ, ತೂಬಿನ ಅಡಿಯಲ್ಲಿ ಏನೇನಿದೆ ಎಂಬುದು ಅವನಿಗೆ ಗೊತ್ತಿತ್ತು. ಯಜಮಾನರ ಕೈಯಲ್ಲಿ ಇನ್ನೊಂದು ದಪ್ಪ ಹಗ್ಗ. ಅದನ್ನು ದಿಮ್ಮಿಯ ತುದಿಗೆ ಬಿಗಿದು ಬಂದರೆ ಏರಿಯ ಮೇಲಿನವರು ಎಳೆಯುವುದು ಎಂದು ಮಾತಾಗಿತ್ತು. ಬಾಗಿಲಿನ ಸೆಳೆತದ ಎದುರಿಗೆ ಹೋಗದೆ, ಪಕ್ಕದ ಕಲ್ಲಿನ ಗೋಡೆ ಹಿಡಿದುಕೊಂಡು ಇಳಿಯಬೇಕಿತ್ತು.

ಅವರು ಮುಳುಗಿದರು. ನೀರು ಕೆಂಪು ಗೋಡು, ಒಂದು ಗೇಣು ಆಚೆ ಏನೂ ಕಾಣದು. ನನಗೆ ಕಾಣುತ್ತಿದ್ದದ್ದು ಗುಳ್ಳೆಗಳು ಮಾತ್ರ. ಒಂದು ಗೊಂಚಲು ಬರುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಅವರ ಒಂದೊಂದು ಗೊಂಚಲಿಗೂ ನಾನು ಒಂದೊಂದು ಉಸಿರು ತೆಗೆದುಕೊಳ್ಳುತ್ತಿದ್ದೆ ಎಂಬುದು ತಲೆ ಸುತ್ತಿದಾಗ ಗೊತ್ತಾಯಿತು. ಗುಳ್ಳೆಗಳು ತೂಬಿನ ಕಟ್ಟೆಯ ಹತ್ತಿರ ಹೋದವು. ಅಲ್ಲಿ ಒಮ್ಮೆಲೇ ದೊಡ್ಡದಾಗಿ ಎದ್ದವು, ಆಮೇಲೆ ಚೂರುಚೂರಾಗಿ ಬೇಗ ಬೇಗ ಬರತೊಡಗಿದವು. ನೀರುಗಂಟಿ ಹಗ್ಗವನ್ನು ಬಿಗಿ ಮಾಡಿದ. ಹಗ್ಗ ಜಗ್ಗಿತು. ಅವನು ಮತ್ತೊಬ್ಬನನ್ನು ಸೇರಿಸಿಕೊಂಡು ಎಳೆಯುವಷ್ಟರಲ್ಲಿ ಯಜಮಾನರ ತಲೆ ಮೇಲೆ ಬಂತು.

ಬಾಯಿಂದ ರಬ್ಬರನ್ನು ಕಿತ್ತುಹಾಕಿ ಕೆಮ್ಮಿದರು. ಕೆಂಪು ನೀರು ಕಕ್ಕಿದರು. ಹಗ್ಗವನ್ನು ದಿಮ್ಮಿಗೆ ಸುತ್ತಿದ್ದಾಗಿದೆ, ಗಂಟು ಹಾಕಲು ಆಗಲಿಲ್ಲ, ಕೊಳವೆಯಲ್ಲಿ ನೀರು ಬರುತ್ತಲೇ ಇತ್ತು, ಊದಿದರೂ ಹೋಗಲಿಲ್ಲ ಎಂದರು. ಹೇಳುತ್ತಲೇ ಮತ್ತೆ ಇಳಿಯಲು ತಿರುಗಿದರು. ಇಂಜಿನಿಯರು ಅವರ ತೋಳು ಹಿಡಿದುಕೊಂಡರು.

"ಅದನ್ನ ಈ ಕಡೆ ಕೊಡಿ," ಎಂದೆ ನಾನು. ಅಷ್ಟು ಜನರ ನಡುವೆ ನನ್ನ ದನಿ ನನಗೇ ಹೊಸದಾಗಿ ಕೇಳಿತು.

ಸಿಲಿಂಡರಿನಿಂದ ಬಿಚ್ಚಿ, ಮೊದಲು ಗಾಳಿಯ ತೂತಿಗೆ ಮುಚ್ಚಳ ಹಾಕಿದೆ. ಒದ್ದೆ ಕೈಗೆ ಮುಚ್ಚಳದ ತಿರುಪು ಬೇಗ ಕೂರಲಿಲ್ಲ. ಮಳೆ ಬೀಳದ ಹಾಗೆ ಇಂಜಿನಿಯರು ಕೊಡೆ ಹಿಡಿದರು. ಎಡಗಡೆ ಕೊಳವೆಯ ಪಟ್ಟಿ ಸಡಿಲಿಸಿ ಎಳೆದು ತೆಗೆದೆ. ತುಟಿಗಳ ನಡುವೆ ಒಂದು ಜೊಂಡಿನ ಎಸಳು, ಅದರ ಸುತ್ತ ಗೋಡು. ಎಣ್ಣೆ ತಾಗದ ರಬ್ಬರಾಗಿದ್ದರೆ ಉಸಿರಿನ ರಭಸಕ್ಕೆ ಎಸಳು ಹಾರಿಹೋಗುತ್ತಿತ್ತು. ಇದು ಅಂಟಾಗಿದ್ದರಿಂದ ಅಲ್ಲೇ ಹಿಡಿದುಕೊಂಡಿತ್ತು. ಉಗುರು ತಾಗಿದರೆ ಹರಿಯುವಷ್ಟು ಮೆತ್ತಗಾಗಿತ್ತು ಆ ಅಂಚು. ತಂಬಿಗೆಯ ನೀರನ್ನು ಸಣ್ಣಗೆ ಬಿಟ್ಟು ಬಿಟ್ಟು ಎಸಳನ್ನು ಸಡಿಲಿಸಿದೆ, ಎಳೆಯಲಿಲ್ಲ. ತಾನಾಗಿ ಜಾರಿ ಬಂತು. ಗೋಡನ್ನೂ ಹಾಗೇ ತೊಳೆದೆ. ಒಣ ಬಟ್ಟೆಯ ತುದಿಯಿಂದ ಒರೆಸದೆ, ಒತ್ತಿ ಒತ್ತಿ ನೀರು ತೆಗೆದೆ. ತುಟಿಗಳ ಒಳಮೈಗೆ ಪೌಡರು ಉದುರಿಸಿ, ಜಾಸ್ತಿಯಾದದ್ದನ್ನು ಊದಿದೆ. ಆ ಹೊತ್ತೆಲ್ಲ ಏರಿಯ ಕೆಳಗಿನಿಂದ ನೀರಿನ ಸದ್ದು ಹೆಚ್ಚಾಗುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು. ಬೇಗ ಬೇಗ ಎಂದು ಯಾರೋ ಹಿಂದಿನಿಂದ ಅಂದರು, ಯಜಮಾನರು ಕೈ ಎತ್ತಿ ಸುಮ್ಮನಿರಿಸಿದರು.

ಕೊಳವೆ ಸೇರಿಸಿ, ಪಟ್ಟಿ ಬಿಗಿದು, ಬಾಯಿಗಿಟ್ಟು ಎಳೆದೆ. ನಾಲಿಗೆ ಹಿಡಿಯಿತು. ಹಿಡಿದೇ ಇತ್ತು. ಮತ್ತೊಮ್ಮೆ ನೋಡಿದೆ, ಆಗಲೂ ಬಿಡಲಿಲ್ಲ.

"ಈಗ ಸರಿ ಅದೆ," ಎಂದು ಅವರ ಕೈಗೆ ಕೊಟ್ಟೆ. "ಒಂದು ಗಂಟು ಹಾಕಿ ಬರೋವಷ್ಟು ಮಾತ್ರ. ಅದಕ್ಕಿಂತ ಹೆಚ್ಚಿಗೆ ನಾನು ಮಾತು ಕೊಡಲ್ಲ."

ಅವರು ತಲೆಯಾಡಿಸಿ ಇಳಿದರು. ಈ ಸಲ ಗುಳ್ಳೆಗಳು ಒಂದೇ ಸಮನೆ ಬಂದವು. ತೂಬಿನ ಹತ್ತಿರ ಸ್ವಲ್ಪ ಹೊತ್ತು ಒಂದೇ ಕಡೆ ನಿಂತವು. ನಾನು ನೀರುಗಂಟಿಯ ಕೈಯನ್ನೇ ನೋಡುತ್ತಿದ್ದೆ. ಆ ಕೈ ಅಲುಗಿದರೆ ನನ್ನ ಗಂಡ ಅಲ್ಲಿದ್ದಾರೆ ಎಂದರ್ಥ. ಅಲುಗಿತು. ಆಮೇಲೆ ಗುಳ್ಳೆಗಳು ದಡದ ಕಡೆಗೆ ಬರಲಾರಂಭಿಸಿದವು. ಅವರು ಮೇಲೆ ಬಂದು ಕಲ್ಲಿನ ಮೆಟ್ಟಿಲ ಮೇಲೆ ಕೂತು ಕೈ ಬೀಸಿದರು. ಏರಿಯ ಮೇಲಿದ್ದವರೆಲ್ಲ ದಪ್ಪ ಹಗ್ಗಕ್ಕೆ ಕೈ ಹಾಕಿದರು. ಮೊದಲು ಏನೂ ಆಗಲಿಲ್ಲ. ಮತ್ತೆ ಎಳೆದಾಗ ಹಗ್ಗ ಸಡಿಲವಾಗಿ, ಎಳೆಯುತ್ತಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. ಹಗ್ಗ ಕಿತ್ತುಬಂತು ಎಂದುಕೊಂಡೆ. ಅಷ್ಟರಲ್ಲಿ ಕರ್ರಗಿನ ದಿಮ್ಮಿ ನೀರಿನ ಮೇಲೆ ಮುಖ ಎತ್ತಿತು. ತೂಬಿನ ಕಟ್ಟೆಯ ಮೇಲಿದ್ದವರು ತಿರುಪು ತಿರುಗಿಸಿ ಬಾಗಿಲು ಇಳಿಸಿದರು. ಏರಿಯ ಬುಡದ ಕೆಂಪು ನೀರು ಕ್ರಮೇಣ ಸಣ್ಣದಾಯಿತು. ಕತ್ತಲಾಗುವ ಮುಂಚೆ ಒಸರುವಷ್ಟಾಗಿ ನಿಂತಿತು.

ಜನ ಯಜಮಾನರಿಗೆ ಬಿಸಿ ಬಿಸಿ ಕಾಫಿ ತಂದುಕೊಟ್ಟರು. ನಾನು ಗೋಡು ಒಣಗುವ ಮುಂಚೆ ತೊಳೆಯಬೇಕೆಂದು ನೀರು ಕೇಳಿದೆ. ಹಸುವಿನ ಹಗ್ಗ ಬಿಚ್ಚುತ್ತಿದ್ದ ಆ ಹೆಂಗಸೇ ಕೊಡದಲ್ಲಿ ತಂದು ಹಾಕಿದಳು.

ಮನೆಗೆ ಬಂದ ಮೇಲೆ ಅವರಿಗೆ ಜ್ವರ ಬಂತು. ಕೆರೆಯ ನೀರು ಎದೆಗೆ ಇಳಿದಿತ್ತು. ಅತ್ತೆ ಹಾಸಿಗೆಯ ಹತ್ತಿರದಿಂದ ಏಳಲಿಲ್ಲ, ಗಂಜಿ ಕುಡಿಸಿದರು, ಕಷಾಯ ಮಾಡಿದರು. ಮಗ ತಾಯಿಯ ಕೈಯಿಂದ ಲೋಟ ತೆಗೆದುಕೊಂಡಾಗ ಅವರಿಬ್ಬರ ನಡುವಿನ ಮಾತು ತಾನಾಗಿ ಶುರುವಾಯಿತು. ಅಲ್ಲಿ ಏನಾಯಿತು ಎಂದು ನಾವು ಅತ್ತೆಗೆ ಹೇಳಲಿಲ್ಲ. ಆದರೆ ಪಕ್ಕದ ಮನೆಯ ಹೆಂಗಸಿಗೆ ಜೀಪಿನ ಡ್ರೈವರ್ ಹೇಳಿದ್ದನಂತೆ, ಅವಳು ಅತ್ತೆಗೆ ಹೇಳಿದಳು. ಒಂದು ದಿನ ನಾನು ರೆಗ್ಯುಲೇಟರ್ ತೊಳೆಯಲು ಕೂತಿದ್ದಾಗ ಅತ್ತೆ ಬಂದು ಎದುರಿಗೆ ಕೂತರು. ಕೈಗಳನ್ನು ಮುಂದೆ ಚಾಚಿದರು. ಸೀಗೆಪುಡಿ ಹಾಕಿ ತಿಕ್ಕಿ ತಿಕ್ಕಿ ತೊಳೆದು ಕೆಂಪಗಾಗಿದ್ದವು.

"ಜಿಡ್ಡಿಲ್ಲ, ಮೂಸಿ ನೋಡು," ಎಂದರು. "ಮೊದಲು ಏನ್ ಮಾಡಬೇಕು, ಅದನ್ನ ಹೇಳಿಕೊಡವ್ವ."

ಮುಚ್ಚಳ ಹಾಕುವುದರಿಂದ ಹೇಳಿಕೊಟ್ಟೆ.

ಕೊಚ್ಚಿಯಿಂದ ಹೊಸ ತುಟಿ ದೀಪಾವಳಿಯ ಹೊತ್ತಿಗೆ ಬಂತು. ಅದನ್ನು ಹಾಕಿದ ಮೇಲೆ ಆ ರೆಗ್ಯುಲೇಟರು ಇನ್ನೂ ಕೆಲವು ಮಳೆಗಾಲ ಕೆಲಸ ಮಾಡಿತು. ಗುಬ್ಬಿ, ಕುಣಿಗಲ್, ತುಮಕೂರು, ಎಲ್ಲ ಕಡೆಯ ಕೆರೆಗಳಲ್ಲೂ ಇಳಿಯಿತು. ಆಮೇಲೆ ಯಜಮಾನರ ಒಂದು ಕಿವಿ ಮಂದವಾಗಿ, ಡಾಕ್ಟರು ಇನ್ನು ನೀರಿಗೆ ಇಳಿಯಬಾರದು ಎಂದರು. ಇಲಾಖೆಯವರು ಅವರನ್ನು ಪಂಪುಗಳನ್ನು ನೋಡಿಕೊಳ್ಳುವ ಕೆಲಸಕ್ಕೆ ಹಾಕಿದರು. ಸೆಟ್ಟನ್ನು ಹಿಂದಿರುಗಿಸುವ ದಿನ ಅತ್ತೆಯೂ ನಾನೂ ಕೂತು ಕೊನೆಯ ಸಲ ತೊಳೆದೆವು. ಉಗ್ರಾಣದವರು ಅದನ್ನು ಪೆಟ್ಟಿಗೆಯಲ್ಲಿ ಹೇಗಿಡುತ್ತಾರೋ ಎಂದು ಅತ್ತೆಗೆ ಚಿಂತೆ. ಮಗನ ಜೊತೆಗೆ ತಾನೂ ಆಫೀಸಿಗೆ ಹೋಗಿ, ಎಣ್ಣೆ ತಾಗಿಸಬಾರದು ಎಂದು ಅಲ್ಲಿಯ ಗುಮಾಸ್ತರಿಗೆ ಹೇಳಿ ಬಂದರು.